ಅನುವಾದ ಮಾಡಿಸದೆ ಅನುವಾದದಲ್ಲಿ ಡಾಕ್ಟರೇಟ್ ಏಕೆ?

ಮಾನ್ಯ ಸಂಪಾದಕರೇ,

ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. 50,000 ಪೌಂಡುಗಳ ಬಹುಮಾನವನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡರು. ಅಂದಿನಿಂದ ನಮ್ಮ ಕಾಲೇಜುಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎಂ.ಎ. ಮುಗಿಸುತ್ತಿರುವ ಹಲವು ವಿದ್ಯಾರ್ಥಿಗಳು ಅನುವಾದದಲ್ಲಿ ಪಿಎಚ್.ಡಿ. ಮಾಡಬಹುದೇ, ಎಲ್ಲಿ ಮಾಡಬಹುದು, ಮಾಡಿದರೆ ಮುಂದೇನು ಎಂದು ವಿಚಾರಿಸತೊಡಗಿದ್ದಾರೆ. ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಕೆಲಸದಲ್ಲಿದ್ದಾಗಲೇ ಇದೇ ವಿಷಯದಲ್ಲಿ ಅರೆಕಾಲಿಕವಾಗಿ ಸಂಶೋಧನೆ ಮಾಡಿದವಳು. ಆ ವಿದ್ಯಾರ್ಥಿಗಳಿಗೆ ಉತ್ತರ ಹೇಳುವಾಗಲೆಲ್ಲ ನನ್ನನ್ನು ಕಾಡುವ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಪಠ್ಯಕ್ರಮ ನಿರ್ಧರಿಸುವ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳ ಮುಂದಿಡಲು ಬಯಸುತ್ತೇನೆ. ನಮ್ಮಲ್ಲಿ ಒಂದು ಪುಟವನ್ನೂ ಅನುವಾದಿಸದೆ, ಮೂಲಭಾಷೆಯನ್ನೇ ಅರಿಯದೆ, ಅನುವಾದ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆಯಲು ಸಾಧ್ಯವಿದೆ. ಇದು ಬದಲಾಗಬೇಕು.

ಅವಕಾಶಗಳೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ರಾಷ್ಟ್ರೀಯ ಅನುವಾದ ಮಿಷನ್ನಿಗೆ ನೆಲೆಯಾಗಿದ್ದು, ಅಲ್ಲಿಂದ ಅನುವಾದಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆಯೊಂದು ಹೊರಬರುತ್ತಿದೆ. ಸಾಹಿತ್ಯ ಅಕಾಡೆಮಿಯ ಅನುವಾದ ಕೇಂದ್ರ 'ಶಬ್ದನಾ' ಬೆಂಗಳೂರಿನಲ್ಲಿದೆ. ರಾಜ್ಯ ಸರ್ಕಾರದ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಹೊರಗೆ ನೋಡಿದರೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ ಕೇಂದ್ರವಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ನಿಕಾಯವಿದೆ. ಇವಲ್ಲದೆ ಕನ್ನಡ, ಇಂಗ್ಲಿಷ್, ಹಿಂದಿ ಮತ್ತು ಭಾಷಾವಿಜ್ಞಾನ ವಿಭಾಗಗಳಲ್ಲಿ ಅನುವಾದವನ್ನೇ ವಿಷಯವಾಗಿ ಆರಿಸಿಕೊಂಡು ನೋಂದಣಿ ಮಾಡಿಸಿಕೊಳ್ಳುವವರು ಎಷ್ಟೋ ಮಂದಿ. ನಾನು ಹೇಳಹೊರಟಿರುವುದು ಬಾಗಿಲು ದಾಟಿ ಒಳಗೆ ಹೋದ ಸಂಶೋಧನಾರ್ಥಿ ಐದಾರು ವರ್ಷ ಏನು ಮಾಡುತ್ತಾನೆ, ಏನು ಮಾಡುತ್ತಾಳೆ ಎಂಬುದರ ಬಗ್ಗೆ.

ಕೆಲ ಕಾಲದ ಹಿಂದೆ ಪರಿಚಿತರೊಬ್ಬರು ಒಂದು ಮಹಾಪ್ರಬಂಧವನ್ನು ಓದಿ ಅಭಿಪ್ರಾಯ ಹೇಳಿರೆಂದು ನನ್ನ ಕೈಗಿತ್ತರು. ಯಾವ ವಿಶ್ವವಿದ್ಯಾಲಯದ್ದೆಂಬುದು ಇಲ್ಲಿ ಮುಖ್ಯವಲ್ಲ. ಬಂಗಾಳಿ ಕಾದಂಬರಿಯೊಂದರ ಕನ್ನಡ ಅನುವಾದವನ್ನು ಕುರಿತ ಅಧ್ಯಯನವದು. ನಾಲ್ಕನೆಯ ಅಧ್ಯಾಯದಲ್ಲಿ ಪುಟದುದ್ದಕ್ಕೂ ಗೆರೆ ಎಳೆದು ಎರಡು ಅಂಕಣಗಳನ್ನು ಮಾಡಿದ್ದರು. ಬಲಗಡೆ 'ಅನುವಾದ' ಎಂಬ ತಲೆಬರಹದಡಿ ಕನ್ನಡದ ವಾಕ್ಯಗಳು. ಎಡಗಡೆ 'ಮೂಲ' ಎಂಬ ತಲೆಬರಹದಡಿ ಇಂಗ್ಲಿಷ್ ವಾಕ್ಯಗಳು. ಬಂಗಾಳಿ ಕಾದಂಬರಿಯ ಯಾವುದೋ ಇಂಗ್ಲಿಷ್ ಅನುವಾದದಿಂದ ಎತ್ತಿಕೊಂಡ ಸಾಲುಗಳನ್ನು ಮೂಲವೆಂದು ಇಟ್ಟುಕೊಂಡು, ಕನ್ನಡ ಅನುವಾದಕರು ಎಲ್ಲೆಲ್ಲಿ 'ಮೂಲವನ್ನು ಬಿಟ್ಟುಹೋಗಿದ್ದಾರೆ', ಎಲ್ಲೆಲ್ಲಿ 'ಮೂಲಕ್ಕೆ ಸೇರಿಸಿದ್ದಾರೆ' ಎಂದು ಪಟ್ಟಿ ಮಾಡಲಾಗಿತ್ತು. ಕನ್ನಡದವರು ಬಂಗಾಳಿಯಿಂದಲೇ ನೇರವಾಗಿ ತಂದಿದ್ದನ್ನು ಇಂಗ್ಲಿಷಿನವರು ಕೈಬಿಟ್ಟಿರಬಹುದು ಎಂಬ ಸಂಶಯ ಸಂಶೋಧನಾರ್ಥಿಗಾಗಲಿ, ಮಾರ್ಗದರ್ಶಕರಿಗಾಗಲಿ ಬಂದ ಹಾಗೆ ಕಾಣಲಿಲ್ಲ. ಆ ಪ್ರಬಂಧಕ್ಕೆ ಪದವಿಯೂ ಸಂದಿತ್ತು. ಸಂಶೋಧನಾರ್ಥಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಪ್ರವೇಶದ ದಿನದಿಂದ ಮೌಖಿಕ ಪರೀಕ್ಷೆಯ ದಿನದವರೆಗೆ ನಿಮಗೆ ಬಂಗಾಳಿ ಬರುತ್ತದೆಯೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಈ ಬಗೆಯ ಪ್ರಬಂಧಗಳಿಗೆ ಒಂದು ಅಚ್ಚು ಬಂದುಬಿಟ್ಟಿದೆ. ಮೊದಲ ಅಧ್ಯಾಯದಲ್ಲಿ ಅನುವಾದದ ವ್ಯಾಖ್ಯೆಗಳು, ಎರಡನೆಯದರಲ್ಲಿ ಪಾಶ್ಚಾತ್ಯ ಸಿದ್ಧಾಂತಕಾರರ ಹೆಸರುಗಳ ಮೆರವಣಿಗೆ, ಮೂರನೆಯದರಲ್ಲಿ ಕನ್ನಡ ಅನುವಾದ ಪರಂಪರೆಯ ಸಮೀಕ್ಷೆ, ನಾಲ್ಕನೆಯದರಲ್ಲಿ ಆಯ್ದ ಕೃತಿಗಳ ಸಾರಾಂಶ, ಐದನೆಯದರಲ್ಲಿ ಸಮಾರೋಪ. ಸಮೀಕ್ಷೆಯ ಅಧ್ಯಾಯದಲ್ಲಿ ಕವಿರಾಜಮಾರ್ಗಕಾರ ದಂಡಿಯ ಕಾವ್ಯಾದರ್ಶವನ್ನು ಬಳಸಿಕೊಂಡದ್ದರಿಂದ ಆರಂಭವಾಗಿ ಬಸಪ್ಪ ಶಾಸ್ತ್ರಿ, ಬಿ. ವೆಂಕಟಾಚಾರ್ಯ, ಗಳಗನಾಥ, ಬಿ.ಎಂ.ಶ್ರೀ ಎಂಬ ಸಾಲು ತಪ್ಪದೆ ಬರುತ್ತದೆ. ಆದರೆ ವೆಂಕಟಾಚಾರ್ಯರು ಬಂಕಿಮಚಂದ್ರರ ಒಂದೇ ಒಂದು ಪುಟವನ್ನು ಕನ್ನಡಕ್ಕೆ ಹೇಗೆ ತಂದರು, ಹರಿ ನಾರಾಯಣ ಆಪಟೆಯವರ ಮರಾಠಿಯ ಎದುರು ಗಳಗನಾಥರ ಕನ್ನಡ ಹೇಗೆ ನಿಲ್ಲುತ್ತದೆ ಎಂಬುದನ್ನು ಎರಡೂ ಭಾಷೆಗಳನ್ನು ಬಲ್ಲವರು ಕುಳಿತು ತೋರಿಸಿಕೊಟ್ಟ ಪುಟಗಳು ಅಪರೂಪ. ಪ್ರಬಂಧಗಳು ಈಗ ಶೋಧಗಂಗಾ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿರುವುದರಿಂದ, ನಾನು ಹೇಳುತ್ತಿರುವುದು ಅತಿಶಯೋಕ್ತಿಯೇ ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಿ ನೋಡಬಹುದು. ಒಳ್ಳೆಯ ಪ್ರಬಂಧಗಳೂ ಅಲ್ಲಿವೆ. ಅವುಗಳನ್ನು ಬರೆದವರು ಬಹುಪಾಲು ಮೊದಲೇ ಎರಡು ಭಾಷೆಗಳ ನಡುವೆ ಬದುಕಿದವರು, ಅಂದರೆ ಬೆಳಗಾವಿ, ಕಾಸರಗೋಡು, ಬಳ್ಳಾರಿ, ಕೋಲಾರದಂಥ ಗಡಿಸೀಮೆಯವರು ಎಂಬುದು ನನ್ನ ಅನಿಸಿಕೆ.

ಈ ಅಧ್ಯಯನಶಿಸ್ತಿಗೆ ಇಂದಿನ ರೂಪರೇಖೆ ಸಿಕ್ಕಿದ್ದು ಜೇಮ್ಸ್ ಹೋಮ್ಸ್ 1972ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಂಡಿಸಿದ ಪ್ರಬಂಧದಿಂದ ಎಂದು ಪಿಎಚ್.ಡಿ.ಯ ಆರಂಭದಲ್ಲಿ ನಡೆಯುವ ನಮ್ಮ ಕೋರ್ಸ್‌ವರ್ಕ್ ಪಾಠಗಳಲ್ಲಿ ಹೇಳಿಕೊಡುತ್ತಾರೆ. ಅದೇ ಹೋಮ್ಸ್ ಅಮೆರಿಕದಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿ, ಡಚ್ ಕಾವ್ಯವನ್ನು ಇಂಗ್ಲಿಷಿಗೆ ತರುತ್ತಿದ್ದ ಕವಿ ಎಂಬುದನ್ನು ಹೇಳುವವರು ಕಡಿಮೆ. ನಮ್ಮವರನ್ನೇ ತೆಗೆದುಕೊಳ್ಳಿ. ಎ.ಕೆ. ರಾಮಾನುಜನ್ ಅವರ ವಚನಾನುವಾದಗಳು 1973ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆದವು. ಸುಮಾರು ಎರಡು ದಶಕಗಳ ಬಳಿಕ, 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಮರ್ಶಕಿ ತೇಜಸ್ವಿನಿ ನಿರಂಜನ ಆ ಅನುವಾದಗಳನ್ನು ತೀಕ್ಷ್ಣವಾಗಿ ವಿಮರ್ಶಿಸಿದರು. ರಾಮಾನುಜನ್ ವಚನಗಳನ್ನು ಆಧುನಿಕ ಇಂಗ್ಲಿಷ್ ಓದುಗನ ಅಭಿರುಚಿಗೆ ಒಗ್ಗಿಸಿದರೆಂಬ ಅವರ ಆಕ್ಷೇಪವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವರು ಆಕ್ಷೇಪಣೆಯನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಅಲ್ಲಮನ ವಚನವನ್ನು ತಾವೇ ಮತ್ತೊಮ್ಮೆ ಅನುವಾದಿಸಿ ರಾಮಾನುಜನ್ ಅವರ ಅನುವಾದದ ಪಕ್ಕದಲ್ಲಿ ಇಟ್ಟರು. ಹೀಗಾಗಿ ಓದುಗ ಆ ಸಿದ್ಧಾಂತವನ್ನು ಒಂದು ನಿಜವಾದ ಪಠ್ಯದ ಮೇಲೆ ಪರೀಕ್ಷಿಸಿ ನೋಡಬಹುದು. ದೇಶವಿದೇಶಗಳ ಅನುವಾದ ಅಧ್ಯಯನದ ತರಗತಿಗಳಲ್ಲಿ ಇಂದಿಗೂ ಚರ್ಚೆಯಾಗುವ ಈ ವಾಗ್ವಾದ ಹನ್ನೆರಡನೆಯ ಶತಮಾನದ ಕನ್ನಡದ ಮೇಲೆ ನಡೆದದ್ದು. ನಮ್ಮ ವಿಭಾಗಗಳಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕೇ?

ನನ್ನ ಬೇಡಿಕೆ ಸರಳವಾದದ್ದು. ಅನುವಾದ ಅಧ್ಯಯನದಲ್ಲಿ ಪಿಎಚ್.ಡಿ. ಮಾಡುವವರಿಗೆ, ಇದುವರೆಗೆ ಕನ್ನಡಕ್ಕೆ ಬಾರದ ಅಥವಾ ಕನ್ನಡದಿಂದ ಹೊರಗೆ ಹೋಗದ ಒಂದು ಮಹತ್ವದ ಕೃತಿಯ ಅನುವಾದವನ್ನು, ವಿಸ್ತಾರವಾದ ವಿಮರ್ಶಾತ್ಮಕ ಪ್ರಸ್ತಾವನೆ ಮತ್ತು ಟಿಪ್ಪಣಿಗಳ ಸಹಿತ, ಮಹಾಪ್ರಬಂಧದ ಮುಖ್ಯ ಭಾಗವಾಗಿ ಸಲ್ಲಿಸಲು ಅವಕಾಶವಿರಬೇಕು. ಅನುವಾದದ ಇತಿಹಾಸವನ್ನೋ, ಓದುಗರನ್ನೋ, ಪ್ರಕಾಶನವನ್ನೋ ಅಧ್ಯಯನ ಮಾಡುವವರು ಬೇರೆ ದಾರಿ ಹಿಡಿಯಲಿ. ಆದರೆ ಅವರೂ ತಾವು ಚರ್ಚಿಸುವ ಎರಡೂ ಭಾಷೆಗಳನ್ನು ಬಲ್ಲವರಾಗಿರಬೇಕು. ಅನುವಾದದ ಮಾರ್ಗ ಹಿಡಿದವರಿಗೆ ಕೆಲಸ ಹಗುರವಾಗುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಧಾರವಾಡದ ಕಡೆಯ ಒಂದು ಕೂಡುಕುಟುಂಬದ ಕಾದಂಬರಿಯನ್ನು ಮರಾಠಿಗೆ ಒಯ್ಯುವ ಸಂಶೋಧನಾರ್ಥಿಯನ್ನು ಕಲ್ಪಿಸಿಕೊಳ್ಳಿ. ಸೊಸೆ ಅತ್ತೆಯ ಎದುರು ಮಾತನಾಡುವ ಧಾಟಿ, ಹೊಲಮನೆಯ ಲೆಕ್ಕಪತ್ರದ ಮಾತು, ಹಬ್ಬದ ಅಡುಗೆ, ಇವೆಲ್ಲ ಮರಾಠಿಯಲ್ಲಿ ಅರ್ಧಕ್ಕರ್ಧ ಸಲೀಸಾಗಿ ಬಂದುಬಿಡುತ್ತವೆ, ಏಕೆಂದರೆ ಎರಡೂ ಸೀಮೆಗಳ ಬಾಳುವೆ ಹೆಣೆದುಕೊಂಡಿದೆ. ತೊಡಕಾಗುವುದು ಈ ಸಲೀಸಿನಲ್ಲಿಯೇ. ಮರಾಠಿ ಓದುಗನಿಗೆ ಅದು ಕೊಲ್ಹಾಪುರದ ಮನೆಯೇ ಆಗಿಬಿಟ್ಟರೆ ಕನ್ನಡದ ಕಾದಂಬರಿ ಎಲ್ಲಿ ಉಳಿಯಿತು? ಅದೇ ಪುಟವನ್ನು ಇಂಗ್ಲಿಷಿಗೆ ಒಯ್ಯುವವರ ಕಷ್ಟವೇ ಬೇರೆ; ಅಲ್ಲಿ ಯಾವುದೂ ತಾನಾಗಿ ದಾಟುವುದಿಲ್ಲ. ಮೂರನೆಯ ಕರಡಿನಲ್ಲಿ ಯಾವ ಸಂಭಾಷಣೆಯನ್ನು ಏಕೆ ತಿದ್ದಿದೆ, ಐದನೆಯದರಲ್ಲಿ ಅದನ್ನು ಏಕೆ ಹಿಂದಕ್ಕೆ ತಂದೆ ಎಂದು ಕಾರಣಸಮೇತ ಬರೆದಿಟ್ಟ ಸಂಶೋಧನಾರ್ಥಿಯಿಂದ ಸಿದ್ಧಾಂತಕ್ಕೂ ಹೊಸದೇನಾದರೂ ಸೇರೀತು. ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ವಾಲಿದ ಅಕ್ಷರಗಳಲ್ಲಿ (ಇಟಾಲಿಕ್) ಮುದ್ರಿಸದೆ ಇರುವುದಕ್ಕೆ ತಮ್ಮ ಪುಸ್ತಕದ ಕೊನೆಯಲ್ಲಿ ಕಾರಣ ಕೊಟ್ಟಿದ್ದಾರೆ. ಕೆಲವೇ ಪುಟಗಳ ಆ ಟಿಪ್ಪಣಿಯನ್ನು ಹಿಗ್ಗಿಸಿ ಶಾಸ್ತ್ರಶುದ್ಧಗೊಳಿಸಿದರೆ ಅದು ಪ್ರಬಂಧದ ಒಂದು ಅಧ್ಯಾಯವಾಗುತ್ತದೆ.

ಅನುವಾದ ಸೃಜನಶೀಲ ಕೆಲಸ, ಸಂಶೋಧನೆಯಲ್ಲ ಎಂಬ ಆಕ್ಷೇಪ ಅಧ್ಯಯನ ಮಂಡಳಿಗಳಲ್ಲಿ ಏಳುತ್ತದೆ ಎಂಬುದು ನನಗೆ ಗೊತ್ತು. ನನಗೂ ಹಾಗೆಂದೇ ಹೇಳಿದ್ದರು. ಕನ್ನಡದ ವಿದ್ವಾಂಸರಿಂದ ಈ ಮಾತು ಬರುವುದು ಮಾತ್ರ ವಿಚಿತ್ರ. ಗ್ರಂಥಸಂಪಾದನೆಯನ್ನು ನಾವು ಸಂಶೋಧನೆಯ ಅತ್ಯುನ್ನತ ರೂಪಗಳಲ್ಲಿ ಒಂದೆಂದು ಗೌರವಿಸುತ್ತ ಬಂದಿದ್ದೇವೆ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಿಂದ ಹಿಡಿದು ಡಿ.ಎಲ್. ನರಸಿಂಹಾಚಾರ್ಯರವರೆಗೆ ನಮ್ಮ ಹಿರಿಯರು ಓಲೆಗರಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಒಂದು ಪಾಠವನ್ನು ಏಕೆ ಸ್ವೀಕರಿಸಿದೆವು, ಇನ್ನೊಂದನ್ನು ಏಕೆ ಅಡಿಟಿಪ್ಪಣಿಗೆ ಇಳಿಸಿದೆವು ಎಂದು ವಾದಿಸಿ, ಪೀಠಿಕೆ ಬರೆದು ಪ್ರಕಟಿಸಿದರು. ಅಲ್ಲಿ ಫಲವಾಗಿ ದೊರೆತದ್ದು ಒಂದು ಪಠ್ಯ; ಆ ಪಠ್ಯದ ಹಿಂದಿನ ತೀರ್ಮಾನಗಳ ಸರಣಿಯೇ ಸಂಶೋಧನೆ. ಟಿಪ್ಪಣಿಸಹಿತವಾದ ಅನುವಾದಕ್ಕೂ ಇದೇ ನ್ಯಾಯ ಸಲ್ಲಬೇಕು. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ವನಮಾಲಾ ವಿಶ್ವನಾಥ ಅವರು ಇಂಗ್ಲಿಷಿಗೆ ತಂದು, ಅದು 2017ರಲ್ಲಿ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಯಲ್ಲಿ ಎದುರುಬದುರು ಪುಟಗಳಲ್ಲಿ ಕನ್ನಡದೊಂದಿಗೆ ಪ್ರಕಟವಾಯಿತು. ಅಂಥ ಕೆಲಸವನ್ನು ಸಂಶೋಧನೆಯಲ್ಲವೆನ್ನುವ ಧೈರ್ಯ ಯಾರಿಗಿದೆ? ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಅನುವಾದ ಮತ್ತು ಅದರ ವಿಮರ್ಶಾತ್ಮಕ ವಿವೇಚನೆ ಸೇರಿ ಡಾಕ್ಟರೇಟ್ ಪ್ರಬಂಧವಾಗುವ ಪದ್ಧತಿಯಿದೆ. ಆದರೆ ಹೊರಗಿನ ಮೇಲ್ಪಂಕ್ತಿಯನ್ನು ತೋರಿಸಿ ನಮ್ಮವರನ್ನು ಒಪ್ಪಿಸುವ ಅಗತ್ಯವಿಲ್ಲ. ಗ್ರಂಥಸಂಪಾದನೆಯ ನಮ್ಮದೇ ಪರಂಪರೆ ಸಾಕು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳ ಅಡ್ಡಿಯೂ ನನಗೆ ಕಾಣುವುದಿಲ್ಲ. 2022ರ ನವೆಂಬರಿನಲ್ಲಿ ಪ್ರಕಟವಾದ ಪಿಎಚ್.ಡಿ. ನಿಯಮಾವಳಿ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು, ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು, ಕನಿಷ್ಠ ಅವಧಿಯನ್ನು ಕೋರ್ಸ್‌ವರ್ಕ್ ಸೇರಿ 3 ವರ್ಷವೆಂದೂ ಗರಿಷ್ಠವನ್ನು 6 ವರ್ಷವೆಂದೂ ಇರಿಸಿ ಮಹಿಳೆಯರಿಗೆ ಮತ್ತೆ 2 ವರ್ಷಗಳ ವಿನಾಯಿತಿ ಕೊಟ್ಟಿತು, ಉದ್ಯೋಗದಲ್ಲಿರುವವರಿಗೆ ಅರೆಕಾಲಿಕ ನೋಂದಣಿಗೆ ಅವಕಾಶ ಮಾಡಿತು. ಕೋರ್ಸ್‌ವರ್ಕಿಗೆ ಕನಿಷ್ಠ 12 ಕ್ರೆಡಿಟ್ ಇರಬೇಕೆನ್ನುತ್ತದೆ. ಇವುಗಳಲ್ಲಿ ನಾಲ್ಕನ್ನು ಮೂಲಭಾಷೆಯ ಅಧ್ಯಯನಕ್ಕೋ, ಅನುವಾದದ ಕಮ್ಮಟಕ್ಕೋ ಎತ್ತಿಡಲು ವಿಭಾಗಗಳಿಗೆ ಏನು ತೊಂದರೆ?

ನಿಜವಾದ ತೊಂದರೆ ಇರುವುದು ಮಾರ್ಗದರ್ಶಕರ ವಿಷಯದಲ್ಲಿ. ಕಾಯಂ ಅಧ್ಯಾಪಕರು ಮಾತ್ರ ಮಾರ್ಗದರ್ಶಕರಾಗಬಹುದು. ಪ್ರಾಧ್ಯಾಪಕರಿಗೆ 8, ಸಹಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಸಂಶೋಧನಾರ್ಥಿಗಳು ಎಂಬ ಮಿತಿಯಿದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡು ನಡೆಯುತ್ತಿರುವ ನಮ್ಮ ವಿಭಾಗಗಳಲ್ಲಿ ಈ ಲೆಕ್ಕ ಹಾಕಿದರೆ ಉಳಿಯುವ ಸ್ಥಾನಗಳು ಬೆರಳೆಣಿಕೆಯವು. ಅದರ ಮೇಲೆ ಮಲಯಾಳವನ್ನೋ ಮರಾಠಿಯನ್ನೋ ಬಲ್ಲ ಮಾರ್ಗದರ್ಶಕರು ಬೇಕೆಂದರೆ ಎಲ್ಲಿಂದ ತರುವುದು? ಇಲ್ಲಿ ಹೊರನಾಡಿನ ಕನ್ನಡ ವಿಭಾಗಗಳನ್ನು ನೆನೆಯಬೇಕು. ಮುಂಬಯಿ ವಿಶ್ವವಿದ್ಯಾಲಯದಲ್ಲಿ, ಮದ್ರಾಸು ವಿಶ್ವವಿದ್ಯಾಲಯದಲ್ಲಿ, ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗಗಳಿವೆ. ಅಲ್ಲಿಯ ಅಧ್ಯಾಪಕರು, ವಿದ್ಯಾರ್ಥಿಗಳು ದಿನಬೆಳಗಾದರೆ ಎರಡು ಭಾಷೆಗಳಲ್ಲಿ ವ್ಯವಹರಿಸುವವರು. ಸಹಮಾರ್ಗದರ್ಶಕರನ್ನು ನೇಮಿಸಿಕೊಳ್ಳಲು ನಿಯಮಾವಳಿಯಲ್ಲೇ ಅವಕಾಶವಿದೆ. ಮೌಲ್ಯಮಾಪನಕ್ಕೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಇರಲೇಬೇಕು. ಅವರಲ್ಲಿ ಒಬ್ಬರಾದರೂ ಮೂಲಭಾಷೆಯನ್ನು ಬಲ್ಲವರಾಗಿರಬೇಕೆಂದು ಒಂದು ಸಾಲು ಸೇರಿಸಿದರೆ, ಮೇಲೆ ಹೇಳಿದ ಎರಡಂಕಣದ ಪ್ರಬಂಧದಂಥದ್ದು ಮೌಖಿಕ ಪರೀಕ್ಷೆಯವರೆಗೂ ಬರುವುದಿಲ್ಲ.

ಸಾಹಿತ್ಯವನ್ನೇ ಹಿಡಿದು ಕೂರಬೇಕಾಗಿಯೂ ಇಲ್ಲ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಆದ್ದರಿಂದ ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯ, ಪಹಣಿ, ಪಾಲುಪಟ್ಟಿ, ಹಳೆಯ ಖರೀದಿ ಪತ್ರ ಎಲ್ಲವೂ ಮೇಲ್ಮನವಿಯ ವೇಳೆಗೆ ಇಂಗ್ಲಿಷಾಗಬೇಕು. ನ್ಯಾಯಾಲಯಗಳ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ ಪುಟಕ್ಕಿಷ್ಟು ಎಂಬ ದರದಲ್ಲಿ ಈ ಅನುವಾದ ನಡೆಯುವುದನ್ನು ವ್ಯಾಜ್ಯ ಹೂಡಿದವರೆಲ್ಲ ನೋಡಿರುತ್ತಾರೆ. ಮೋಡಿ ಎಂಬ ಹಳೆಯ ಕೂಡುಬರಹದ ಪಾಲುಪಟ್ಟಿಯನ್ನು ಒಬ್ಬರು ಓದಿ ಹೇಳುತ್ತಾರೆ, ಇನ್ನೊಬ್ಬರು ಕೀಲಿಮಣೆ ಒತ್ತುತ್ತಾರೆ, ವಕೀಲರ ಗುಮಾಸ್ತ ನಡುವೆ ನಿಂತು ತಿದ್ದುತ್ತಾನೆ. ಒಂದು ಕುಟುಂಬದ ಹೊಲದ ಮೇರೆ ಆ ವಾಕ್ಯದ ಮೇಲೆ ನಿಂತಿರುತ್ತದೆ. ಇನ್ನೊಂದು ತುದಿಯಲ್ಲಿ, 2019ರಲ್ಲಿ ಸುಪ್ರೀಂ ಕೋರ್ಟು 'ಸುವಾಸ್' ಎಂಬ ತಂತ್ರಾಂಶವನ್ನು ಬಳಕೆಗೆ ತಂದು ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತರಿಸುತ್ತಿದೆ. ಆ ಕನ್ನಡ ತೀರ್ಪುಗಳನ್ನು ಯಾರು ಓದುತ್ತಾರೆ, ಓದಿದವರಿಗೆ ಏನು ತಿಳಿಯುತ್ತದೆ ಎಂಬುದು ಡಾಕ್ಟರೇಟಿಗೆ ತಕ್ಕ ಪ್ರಶ್ನೆ. ಭಾಷಾಂತರ ನಿರ್ದೇಶನಾಲಯದ ಕಾನೂನು ಕನ್ನಡ, ಪಠ್ಯಪುಸ್ತಕಗಳ ವಿಜ್ಞಾನದ ಕನ್ನಡ, ಸುದ್ದಿಸಂಸ್ಥೆಗಳ ಇಂಗ್ಲಿಷ್ ಸುದ್ದಿಯನ್ನು ರಾತ್ರಿಪಾಳಿಯಲ್ಲಿ ಕನ್ನಡಿಸುವ ತಮ್ಮ ಉಪಸಂಪಾದಕರ ಕೆಲಸ, ಇವನ್ನೂ ಅಧ್ಯಯನ ಮಾಡುವವರು ಬೇಕು.

ಯಂತ್ರಾನುವಾದದ ಮಾತನ್ನೂ ಆಡದೆ ವಿಧಿಯಿಲ್ಲ. ಕೇಂದ್ರ ಸರ್ಕಾರದ ಯಂತ್ರಾನುವಾದ ವ್ಯವಸ್ಥೆ 'ಭಾಷಿಣಿ' 2022ರಲ್ಲಿ ಬಂತು; ಅದಕ್ಕೂ ಮೊದಲೇ ಗೂಗಲ್ ಅನುವಾದ ಕನ್ನಡಕ್ಕೆ ಬಂದು ಕೂತಿತ್ತು. ವ್ಯಾಖ್ಯೆ, ಸಮೀಕ್ಷೆ, ಸಾರಾಂಶಗಳ ಹಳೆಯ ಅಚ್ಚಿನ ಪ್ರಬಂಧವನ್ನು ಇಂದು ಯಂತ್ರವೇ ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟೀತು. ಕರಡುಗಳನ್ನು ಮುಂದಿಟ್ಟುಕೊಂಡು, ಈ ವಾಕ್ಯವನ್ನು ಹೀಗೇಕೆ ಮಾಡಿದಿರಿ ಎಂದು ಪರೀಕ್ಷಕರು ಕೇಳಿದಾಗ ಎದುರಿಗೆ ಕುಳಿತು ಉತ್ತರಿಸುವುದನ್ನು ಯಂತ್ರ ಮಾಡಿಕೊಡಲಾರದು.

ಮುಂದೇನು ಎಂದು ಕೇಳುವ ವಿದ್ಯಾರ್ಥಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತೂ ಒಂದಿದೆ. ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುವ ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳ ವಿಷಯಪಟ್ಟಿಗಳಲ್ಲಿ ಅನುವಾದ ಅಧ್ಯಯನಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕನ್ನಡ, ಇಂಗ್ಲಿಷ್, ಭಾಷಾವಿಜ್ಞಾನದಂಥ ವಿಷಯಗಳಲ್ಲಿ ಒಂದರಲ್ಲಿ ನೆಟ್ ತೇರ್ಗಡೆಯಾಗಿಯೇ ತಿಂಗಳಿಗೆ 37,000 ರೂಪಾಯಿಗಳ ಕಿರಿಯ ಸಂಶೋಧನಾ ವೇತನವನ್ನು ಪಡೆಯಬೇಕು. ಅಧ್ಯಾಪಕ ಹುದ್ದೆಗಳೂ ಆ ವಿಷಯಗಳ ಹೆಸರಿನಲ್ಲೇ ಕರೆಯಲ್ಪಡುತ್ತವೆ. ಹೀಗಿರುವಾಗ ಪದವಿಯ ಜೊತೆಗೆ ಪ್ರಕಟಣೆಗೆ ಯೋಗ್ಯವಾದ ಒಂದು ಅನುವಾದವೂ ಕೈಯಲ್ಲಿದ್ದರೆ, ಪ್ರಕಾಶಕರ ಬಳಿಗೋ, ಸಾಹಿತ್ಯ ಅಕಾಡೆಮಿಯ ಬಳಿಗೋ, ಕಾನೂನು ಅಥವಾ ಮಾಧ್ಯಮದ ಅನುವಾದ ಕೆಲಸಕ್ಕೋ ಹೋಗುವವರಿಗೆ ತೋರಿಸಲು ಏನಾದರೂ ಇರುತ್ತದೆ. ಇಲ್ಲವಾದರೆ ಉಳಿಯುವುದು ಗ್ರಂಥಾಲಯದ ಬೀರುವಿನಲ್ಲೊಂದು ಪ್ರತಿ.

ವಿಶ್ವವಿದ್ಯಾಲಯಗಳು ಮುಂದಿನ ಸಾಲಿನ ಪಿಎಚ್.ಡಿ. ಪ್ರವೇಶದ ಅಧಿಸೂಚನೆ ಹೊರಡಿಸುವ ಮುನ್ನ, ಅನುವಾದ ಸಂಬಂಧಿ ವಿಷಯಗಳಿಗೆ ಅರ್ಜಿ ಹಾಕುವವರಿಗೆ ಸಂದರ್ಶನದ ದಿನವೇ ಅವರು ಹೇಳಿಕೊಂಡ ಮೂಲಭಾಷೆಯ ಒಂದು ಪುಟವನ್ನು ಕೊಟ್ಟು, ನಿಘಂಟನ್ನೂ ಕೊಟ್ಟು, ಎರಡು ಗಂಟೆ ಕೂರಿಸಿ ಅನುವಾದ ಮಾಡಿಸಬೇಕೆಂದು ಕೋರುತ್ತೇನೆ. ಇದಕ್ಕೆ ಹೆಚ್ಚಿನ ಹಣ ಬೇಡ, ಹೊಸ ಹುದ್ದೆ ಬೇಡ, ದೆಹಲಿಯ ಅನುಮತಿಯೂ ಬೇಡ. ಅಧ್ಯಯನ ಮಂಡಳಿಯ ಒಂದು ಸಭೆಯ ನಿರ್ಣಯ ಸಾಕು. ಟಿಪ್ಪಣಿಸಹಿತ ಅನುವಾದವನ್ನು ಪ್ರಬಂಧವಾಗಿ ಸ್ವೀಕರಿಸುವ ಪ್ರಸ್ತಾವಕ್ಕೆ ಶೈಕ್ಷಣಿಕ ಪರಿಷತ್ತಿನ ಒಪ್ಪಿಗೆ ಬೇಕಾಗಬಹುದಾದ್ದರಿಂದ ಅದು ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಧಾರವಾಡ